ಎರಡನೇ ದರ್ಜೆಯ ದಾರಿಗೆ ಅಡ್ಡ ಬಂದ ಹಂದಿತೊಡೆ

ಗ್ರೆಬನ್ ಕಾಲೇಜಿನ ಆಟಗಾರರು ಕಾಲೇಜು ಕ್ರೀಡೆಗಳ ಮೂರನೇ ದರ್ಜೆಯಲ್ಲಿ ಸುಖವಾಗಿದ್ದರು. ಸೋತರೆ ಯಾರೂ ಅಳುತ್ತಿರಲಿಲ್ಲ, ಗೆದ್ದರೆ ಯಾರೂ ನಂಬುತ್ತಿರಲಿಲ್ಲ. ನೆಬ್ರಾಸ್ಕದ ಆ ಮೂಲೆಯಲ್ಲಿ ಮುಸುಕಿನ ಜೋಳ ಬಿಟ್ಟರೆ ಮೇಲಕ್ಕೆ ಏಳಬೇಕೆಂಬ ಆಸೆ ಬೇರೆ ಯಾರಿಗೂ ಇರಲಿಲ್ಲ. ಆದರೆ ಹೀಗೆ ಸುಖವಾಗಿರುವವರನ್ನು ಕಂಡರೆ ಕೆಲವರಿಗೆ ಕೈ ತುರಿಸುತ್ತದೆ. ಅಂಥವರನ್ನು ಹುಡುಕಿ ತಂದು ಕಾಲೇಜಿಗೆ ಅಧ್ಯಕ್ಷರನ್ನಾಗಿ ಮಾಡುತ್ತಾರೆ.

ಅಧ್ಯಕ್ಷ ಡಾ. ಪ್ರೆಂಟಿಸ್ ಹೇಲ್ ಕೊರಳಿಗೆ ಚಿಟ್ಟೆಯಂಥ ಟೈ ಕಟ್ಟಿಕೊಂಡು ಪೂರ್ವದ ದೊಡ್ಡ ನಗರಗಳ ಕಡೆಯಿಂದ ಬಂದವನು. ಅವನು ಬಂದ ವರ್ಷ ಬ್ಯಾಸ್ಕೆಟ್‌ಬಾಲ್ ತಂಡ ಯಾವ ಗ್ರಹಚಾರಕ್ಕೋ ಸೋತದ್ದಕ್ಕಿಂತ ಹೆಚ್ಚು ಗೆದ್ದುಬಿಟ್ಟಿತು. ಹೇಲ್ ತಕ್ಷಣ ವೇದಿಕೆ ಹತ್ತಿದ. "ಇನ್ನು ಮುಂದೆ ನಾವು ಎರಡನೇ ದರ್ಜೆಯಲ್ಲಿ ಆಡುತ್ತೇವೆ!" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕಾಲೇಜಿನ ಕ್ರೀಡಾ ಮುಖ್ಯಸ್ಥ ವರ್ಲಿನ್ ಡ್ರೆಸ್ಲರ್.

ವರ್ಲಿನ್ ಹಳೆಯ ಕುಸ್ತಿಪಟು. ಕಿವಿಗಳೆರಡೂ ಜಜ್ಜಿದ ಶುಂಠಿಯಂತಿದ್ದವು. ಒಳ್ಳೆಯವನೇ, ಆದರೆ ತಲೆಗೆ ಒಂದು ವಿಷಯ ಹೊಕ್ಕರೆ ಎರಡನೆಯದಕ್ಕೆ ಜಾಗ ಇರುತ್ತಿರಲಿಲ್ಲ. ಅದೇ ವಾರ ಬೆನ್ನ ಮೇಲೆ 'ಎರಡನೇ ದರ್ಜೆ' ಎಂದು ದಪ್ಪ ಅಕ್ಷರದ ಜಾಕೆಟ್ ಹೊಲಿಸಿಕೊಂಡ. ಅದನ್ನು ಹಾಕಿಕೊಂಡು ಚರ್ಚಿಗೆ ಹೋಗಿ, ಎಲ್ಲರಿಗೂ ಕಾಣಲಿ ಎಂದು ಮೊದಲನೇ ಸಾಲಿನಲ್ಲಿ ಕೂತ.

ಕಾಳಿನ ಕಣಜದ ಪಕ್ಕ ಬೆಳಿಗ್ಗೆ ಕಾಫಿಗೆ ಸೇರುವ ಮುದುಕರು ಬಿಟ್ಟಾರೆಯೇ?

"ಏನಯ್ಯಾ ವರ್ಲಿನ್, ಮೇಲಕ್ಕೆ ಹತ್ತಿದೆಯಂತೆ. ಏಣಿ ಯಾರು ಹಿಡ್ಕೊಂಡಿದ್ರು?"

"ನಗಿ, ನಗಿ. ಮುಂದಿನ ವರ್ಷ ಟಿಕೆಟ್ ಕೇಳ್ಕೊಂಡು ನನ್ನ ಬಾಗಿಲಿಗೇ ಬರ್ತೀರಲ್ಲ, ಆವಾಗ ನೋಡ್ಕೋತೀನಿ."

"ಟಿಕೆಟ್ಟಾ? ಹೋದ ವಾರ ಆಟಕ್ಕೆ ಬಂದವರು ಎದ್ದು ಹೋಗದ ಹಾಗೆ ಬಾಗಿಲಲ್ಲಿ ನಿಂತಿದ್ದೋನು ನೀನೇ ತಾನೆ!"

ದರ್ಜೆ ಏರುವುದಕ್ಕೆ ಒಂದು ಭಾಷಣ ಸಾಕು. ಆಡುವುದಕ್ಕೆ ಎದುರಾಳಿ ಬೇಕು. ಆ ದೇಶದಲ್ಲಿ ಕಾಲೇಜುಗಳು ಒಂದಷ್ಟು ಸೇರಿ ಕೂಟ ಕಟ್ಟಿಕೊಂಡು ತಮ್ಮತಮ್ಮಲ್ಲೇ ಆಡುತ್ತವೆ. ಕೂಟವಿಲ್ಲದ ಕಾಲೇಜು ಮದುವೆಮನೆಯ ಹೊರಗೆ ನಿಂತವನ ಹಾಗೆ: ವಾಸನೆ ಬರುತ್ತದೆ, ಎಲೆ ಬೀಳುವುದಿಲ್ಲ. ವರ್ಲಿನ್ ಸುತ್ತಮುತ್ತಲ ಕೂಟಗಳ ಬಾಗಿಲನ್ನೆಲ್ಲ ತಟ್ಟಿ ಬಂದ. ಒಂದು ಕೂಟ ನಿಮ್ಮ ಊರು ಸಣ್ಣದು ಎಂದಿತು. ಇನ್ನೊಂದು ನಿಮ್ಮ ಆಟದ ಮನೆ ಸೋರುತ್ತದೆ ಎಂದಿತು. ಮತ್ತೊಂದರ ಮುಖ್ಯಸ್ಥ, ಮರ್ಯಾದಸ್ಥ, ಅಡಿಗೆಮನೆಯ ಹಿಂಬಾಗಿಲಿನಿಂದ ಓಡಿಹೋದ.

ಕಾಲೇಜಿನ ಆಡಳಿತ ಮಂಡಳಿ ಕೊನೆಗೆ ಕಡ್ಡಿ ಮುರಿದಂತೆ ಹೇಳಿತು. ಈ ವಸಂತ ಮುಗಿಯುವುದರೊಳಗೆ ಕೂಟ ಸಿಗದಿದ್ದರೆ ಮತ್ತೆ ಮೂರನೇ ದರ್ಜೆ, ಕ್ರೀಡಾ ಮುಖ್ಯಸ್ಥನ ಹುದ್ದೆ ರದ್ದು. ವರ್ಲಿನ್‌ನ ಬಾಮೈದನಿಗೆ ಹಂದಿ ಸಾಕಣೆಯ ದೊಡ್ಡ ಕೊಟ್ಟಿಗೆ ಇತ್ತು. ಅವನು ಭಾವನ ಅಳತೆಯ ರಬ್ಬರ್ ಬೂಟು ತಂದು ಬಾಗಿಲಲ್ಲಿ ಇಟ್ಟುಕೊಂಡು ಕಾಯತೊಡಗಿದ.

ಉಳಿದದ್ದು ಒಂದೇ ಕೂಟ, ಗ್ರೇಟ್ ಹೊರೈಜನ್. ಅದರ ಕಮಿಷನರ್ ಬ್ರಾಂಟ್ ಕಾಲ್ವರ್ಟ್ ತಾನಾಗಿಯೇ ಫೋನ್ ಮಾಡಿದ. ವರ್ಲಿನ್ ಆಗ ಊರಿನ ಬೌಲಿಂಗ್ ಮನೆಯಲ್ಲಿ ಕೂತಿದ್ದ. ಬೌಲಿಂಗ್ ಎಂದರೆ ಕ್ರಿಕೆಟ್ಟಿನದಲ್ಲ. ನುಣ್ಣನೆಯ ಮರದ ಹಾಸಿನ ಮೇಲೆ ಭಾರದ ಗುಂಡು ಉರುಳಿಸಿ ಆ ತುದಿಯ ಗೂಟಗಳನ್ನು ಬೀಳಿಸುವ ಆಟ. ಅವತ್ತು ಬುಧವಾರ. ಚರ್ಚಿನ ಹೆಂಗಸರ ಸರದಿ.

"ಎರಡನೇ ದರ್ಜೆಗೆ ಹತ್ತು ಬಗೆಯ ಆಟದ ತಂಡ ಇರಬೇಕು. ನಿಮ್ಮಲ್ಲಿ ಇವೆ ತಾನೆ?" ಎಂದು ಕಾಲ್ವರ್ಟ್ ಕೇಳಿದ.

ವರ್ಲಿನ್ ಬೆರಳು ಮಡಿಸಿದ. ಒಂಬತ್ತಕ್ಕೆ ನಿಂತಿತು. ಮತ್ತೆ ಎಣಿಸಿದ. ಬೆರಳು ಬಹಳ ಹಟಮಾರಿ ಅಂಗ, ಮತ್ತೆ ಒಂಬತ್ತಕ್ಕೇ ನಿಂತಿತು. ಅಷ್ಟರಲ್ಲಿ ಎದುರಿಗೆ ಸಿಡಿಲು ಬಡಿದ ಹಾಗೆ ಸದ್ದಾಯಿತು. ಅವನ ಹೆಂಡತಿಯ ಚಿಕ್ಕಮ್ಮ ಆರ್ಫಾ ಕ್ಲಾಸನ್ ಒಂದೇ ಏಟಿಗೆ ಅಷ್ಟೂ ಗೂಟ ಉರುಳಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದಳು.

"ಇವೆ ಸಾರ್," ಎಂದ ವರ್ಲಿನ್. "ಹತ್ತನೇದು ಮಹಿಳೆಯರ ಬೌಲಿಂಗ್. ಬಹಳ ಅನುಭವಿ ತಂಡ."

ಅನುಭವದ ಮಾತು ಸುಳ್ಳಲ್ಲ. ಎಲ್ಲರಿಗಿಂತ ಕಿರಿಯವಳಿಗೆ ಅರವತ್ತೆಂಟು.

ಆರ್ಫಾ ಚಿಕ್ಕಮ್ಮನನ್ನೂ ಅವಳ ನಾಲ್ವರು ಗೆಳತಿಯರನ್ನೂ ವರ್ಲಿನ್ ಮಾರನೇ ದಿನವೇ ಕಾಲೇಜಿಗೆ ಸೇರಿಸಿದ. ವಯಸ್ಸಿಗೆ ಮಿತಿ ಹಾಕುವುದನ್ನು ನಿಯಮ ಮಾಡಿದವರು ಮರೆತಿದ್ದರು. ಮುದುಕಿಯರು ಹೊಸ ಪೆನ್ಸಿಲ್ ಚೀಲ ಹಿಡಿದು ಮೊದಲ ಬೆಂಚಿನಲ್ಲಿ ಕೂತರು. ಇತಿಹಾಸದ ಮೇಷ್ಟ್ರು, ಐವತ್ತರ ದಶಕದ ಗೃಹಿಣಿಯರು ತುಂಬಾ ನೆಮ್ಮದಿಯಾಗಿದ್ದರು ಎಂದು ಪಾಠ ಶುರು ಮಾಡಿದ. ಆರ್ಫಾ ಕೈ ಎತ್ತಿದಳು.

"ಇದನ್ನ ನಿಮಗೆ ಹೇಳಿದ್ದು ಯಾರಪ್ಪಾ?"

ಮೇಷ್ಟ್ರು ಆಮೇಲೆ ಒಂದು ವಾರ ರಜೆ ಹಾಕಿದ.

ಗಂಡಂದಿರೂ ಸುಮ್ಮನಿರಲಿಲ್ಲ. ಲವೋನಾ ಬಾರ್ಟೆಲ್ಸ್ ಎಂಬಾಕೆಯ ಗಂಡ ಕಾಲೇಜಿಗೇ ಬಂದು ಮೇಜು ಗುದ್ದಿದ. "ಅವಳು ಮೇಲೆ ಕೂತು ಪ್ರಬಂಧ ಬರೀತಾಳೆ, ನಾನು ಕೆಳಗೆ ಕೂತು ಡಬ್ಬಿ ಸೂಪ್ ಕುಡೀತೀನಿ. ಮದುವೇಲಿ ಪಾದ್ರಿ ಇದನ್ನೆಲ್ಲ ಹೇಳಿರಲಿಲ್ಲ!"

ವರ್ಲಿನ್ ಎಲ್ಲ ಸಹಿಸಿಕೊಂಡ. ಕಾಲ್ವರ್ಟ್ ಶನಿವಾರ ಕಾಲೇಜು ನೋಡಲು ಬರುವವನಿದ್ದ. ಇನ್ನೇನು ದಡ ಸೇರಿದೆ ಎಂದುಕೊಳ್ಳುವಾಗ ಸೋಮವಾರ ಅಧ್ಯಕ್ಷ ಹೇಲ್ ಕರೆದು ಕಣ್ಣು ಮಿಟುಕಿಸಿದ.

"ಡ್ರೆಸ್ಲರ್, ಒಂದು ಸಣ್ಣ ವಿಷಯ. ನಮ್ಮ ಆಟಗಾರರು ಯಾರೂ ಆಡಿ ಬಹುಮಾನ ತಗೊಂಡಿಲ್ಲ ತಾನೆ? ತಗೊಂಡಿದ್ದರೆ ಅವರು ಹವ್ಯಾಸಿಗಳಲ್ಲ, ಕಸುಬಿನವರು ಅಂತ ಆಗಿಬಿಡತ್ತೆ. ತಂಡಾನೇ ರದ್ದು."

"ಬಹುಮಾನವಾ? ಚರ್ಚಿನ ಹೆಂಗಸರು ಸಾರ್ ಅವರು," ಎಂದು ವರ್ಲಿನ್ ನಕ್ಕ. ಬಾಗಿಲವರೆಗೆ ನಗುತ್ತಲೇ ಬಂದ. ಅಲ್ಲಿ ಅವನಿಗೆ ಹಂದಿತೊಡೆ ನೆನಪಾಯಿತು.

ಗ್ರೆಬನ್ನಿನಲ್ಲಿ ಪ್ರತಿ ನವೆಂಬರಿನಲ್ಲೂ ಬುಧವಾರದ ಆಟದಲ್ಲಿ ಗೆದ್ದವಳಿಗೆ ಮಾಂಸದಂಗಡಿಯ ಡ್ವೇನ್ ವೊಬೊರಿಲ್ ತಾನೇ ಹೊಗೆ ಹಾಕಿ ಹದ ಮಾಡಿದ ಇಡೀ ಹಂದಿತೊಡೆ ಕೊಡುವುದು ಪದ್ಧತಿ. ಗೆಲ್ಲುತ್ತಿದ್ದವಳು ವರ್ಷ ವರ್ಷವೂ ಆರ್ಫಾ ಚಿಕ್ಕಮ್ಮನೇ. ಉಳಿದವರಿಗೆ ಅದರ ವಾಸನೆಯೂ ಸಿಕ್ಕಿರಲಿಲ್ಲ. ಬೌಲಿಂಗ್ ಮನೆಯ ಗೋಡೆ ತುಂಬ ಅವಳ ಚಿತ್ರಗಳು: ಕಪ್ಪು ಕೂದಲಿನ ಆರ್ಫಾ, ನರೆತ ಕೂದಲಿನ ಆರ್ಫಾ, ಬೆಳ್ಳಿ ಕೂದಲಿನ ಆರ್ಫಾ. ಎಲ್ಲದರಲ್ಲೂ ಕಂಕುಳಲ್ಲಿ ಕೂಸಿನ ಹಾಗೆ ಒಂದೊಂದು ಹಂದಿತೊಡೆ.

ವರ್ಲಿನ್ ಓಡಿದ. ಚಿತ್ರಗಳನ್ನೆಲ್ಲ ಕಿತ್ತು ಕಾರಿನ ಡಿಕ್ಕಿಗೆ ತುಂಬಿದ. ಆಮೇಲೆ ಐವರು ಹೆಂಗಸರನ್ನೂ ಮೂಲೆಗೆ ಕರೆದ. ನಿಜ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಇವರು ಲೂಥರನ್ ಪಂಥದ ಹೆಂಗಸರು, ಗೊತ್ತಿದ್ದೂ ಸುಳ್ಳು ಹೇಳುವುದು ಇವರ ಕೈಲಿ ಆಗದ ಕೆಲಸ. ಗೊತ್ತೇ ಇಲ್ಲದಿದ್ದರೆ ಹೇಳುವ ಪ್ರಶ್ನೆಯೇ ಇಲ್ಲವಲ್ಲ? ಇಂಥ ಬುದ್ಧಿವಂತಿಕೆ ಕುಸ್ತಿಯವನ ತಲೆಗೆ ಮಾತ್ರ ಹೊಳೆಯುತ್ತದೆ.

"ನೋಡಿ," ಎಂದ ಪಿಸುದನಿಯಲ್ಲಿ. "ವೊಬೊರಿಲ್‌ನ ಹಂದಿತೊಡೆ ವಿಷಯ ಶನಿವಾರದವರೆಗೆ ಯಾರೂ ಬಾಯಿ ಬಿಡಬೇಡಿ. ಯಾಕೆ ಅಂತ ಕೇಳಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಅದರಲ್ಲಿ ಏನಾದ್ರೂ ಇದೆಯೇನೋ?" ಎಂದಳು ಲವೋನಾ.

"ಏನೂ ಕೇಳಬೇಡಿ ಅಂದೆನಲ್ಲ!" ಎಂದು ವರ್ಲಿನ್ ಹಣೆಯ ಬೆವರು ಒರೆಸಿಕೊಂಡ.

ಅವನು ಬೆವರು ಒರೆಸಿಕೊಂಡದ್ದೇ ಮುಳುವಾಯಿತು. ಲವೋನಾ ಸೀದಾ ಮನೆಗೆ ಹೋಗಿ, ಗಂಡನ ತಟ್ಟೆಯಿಂದ ಹಂದಿತೊಡೆಯ ತುಂಡನ್ನು ಕಿತ್ತು ನಾಯಿಗೆ ಎಸೆದಳು. ಡಬ್ಬಿ ಸೂಪಿನಿಂದ ಬೇಸತ್ತು ಆ ಬಡಪಾಯಿ ತಾನೇ ಕೊಂಡು ತಂದಿದ್ದ ಹಂದಿತೊಡೆ ಅದು. ಅವಳು ಉಳಿದದ್ದನ್ನೂ ನಾಯಿಗೇ ಹಾಕಿದಳು. ನಾಯಿ ಮುದಿ, ಹಂದಿತೊಡೆ ದೊಡ್ಡದು. ಅಷ್ಟನ್ನೂ ತಿಂದ ಯಾವ ನಾಯಿ ತಾನೇ ಸುಮ್ಮನಿರುತ್ತದೆ? ಅಂಗಳದ ತುಂಬ ಕಕ್ಕಿತು.

"ನಾಯಿ ಕಕ್ಕಿತು ಕಣೇ!" ಎಂದು ಲವೋನಾ ತಂಗಿಗೆ ಫೋನ್ ಮಾಡಿದಳು. ಸಂಜೆಗೆ ನಾಯಿ ಸತ್ತಿತ್ತು. ಅಂದರೆ ಊರ ಬಾಯಲ್ಲಿ. ನಾಯಿ ಪಾಪ ಅಂಗಳದಲ್ಲಿ ಬಾಲ ಅಲ್ಲಾಡಿಸಿಕೊಂಡೇ ಇತ್ತು.

ಬುಧವಾರ ಊರಿನಲ್ಲಿ ಒಂದು ಹೆಣ ಬಿದ್ದಿತ್ತು. ವಯಸ್ಸಾಗಿ ಹೋದವನು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಣ್ಣು ಮಾಡಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಹಂದಿತೊಡೆಯ ಬನ್ನು ಕೊಡುವುದು ಆ ಊರಿನಲ್ಲಿ ಪ್ರಾರ್ಥನೆಯಷ್ಟೇ ಮುಖ್ಯ. ಅವತ್ತು ಬನ್ನಿನೊಳಗೆ ಬರೀ ಚೀಸ್ ಇತ್ತು. ಸತ್ತವನ ಮಗ ಬನ್ನು ಬಿಡಿಸಿ ನೋಡಿದ, ಮುಚ್ಚಿದ, ಮತ್ತೆ ಬಿಡಿಸಿದ.

"ನಮ್ಮಪ್ಪ ಅಂಥಾ ತಪ್ಪೇನು ಮಾಡಿದ್ದ?" ಎಂದು ಗೋಳೋ ಎಂದು ಅತ್ತ. ಹೆಣ ನೋಡಿದಾಗಲೂ ಅವನು ಅತ್ತಿರಲಿಲ್ಲ.

ಗುರುವಾರ ವೊಬೊರಿಲ್ ತನ್ನ ಅಂಗಡಿಯಲ್ಲಿ ಒಬ್ಬನೇ ನಿಂತಿದ್ದ. ನೊಣವೂ ಬಂದಿರಲಿಲ್ಲ. ಬಾಗಿಲು ಹಾಕಿ, ರಕ್ತದ ಮೇಲಂಗಿಯಲ್ಲೇ, ಕೈಯಲ್ಲಿದ್ದ ಮೂಳೆ ಕಡಿಯುವ ಕತ್ತಿಯನ್ನು ಇಡಲು ಮರೆತು ವರ್ಲಿನ್ ಮನೆಗೆ ನಡೆದ. ವರ್ಲಿನ್‌ನ ಹೆಂಡತಿ ಡೋರ್ಲಾ ಬಾಗಿಲು ತೆಗೆದಳು.

"ವರ್ಲಿನ್, ಡ್ವೇನ್ ಬಂದಿದಾನೆ. ಕತ್ತಿ ತಂದಿದಾನೆ. ಕಾಫಿ ಒಬ್ಬರಿಗೆ ಮಾಡಲೋ ಇಬ್ಬರಿಗೋ?"

"ಲೋ ವರ್ಲಿನ್!" ಎಂದು ವೊಬೊರಿಲ್ ಗುಡುಗಿದ. "ನನ್ನ ಹಂದಿತೊಡೆಯಲ್ಲಿ ವಿಷ ಇದೆ ಅಂದೆಯಂತೆ!"

"ನಾನೆಲ್ಲಿ ಅಂದೆ ಮಾರಾಯಾ? ಅದರ ಮಾತು ಆಡಬೇಡಿ ಅಂದೆ ಅಷ್ಟೆ."

"ಯಾಕೆ ಆಡಬಾರದು? ನಮ್ಮಜ್ಜನ ಕಾಲದಿಂದ ಈ ಊರು ಆಡ್ತಿರೋ ಮಾತು ಅದೊಂದೇ!"

"ಶನಿವಾರ ಹೇಳ್ತೀನಿ. ಕಾಲು ಹಿಡ್ಕೋತೀನಿ, ಶನಿವಾರದವರೆಗೆ ಸುಮ್ಮನಿರು."

"ಶನಿವಾರದವರೆಗೆ ನಾನು ಮೂಲಂಗಿ ಮಾರಲಾ?"

ಡೋರ್ಲಾ ಕಾಫಿ ತಂದಳು. ಆ ಊರಿನಲ್ಲಿ ಕೊಲೆ ಮಾಡಲು ಬಂದವನಿಗೂ ಕಾಫಿ ಕೊಡದೆ ಕಳಿಸುವುದಿಲ್ಲ. ವೊಬೊರಿಲ್ ಕುಡಿದ, ಕಪ್ಪು ತೊಳೆದಿಟ್ಟ, ಬೈದುಕೊಂಡು ಹೋದ.

ಶುಕ್ರವಾರ ಕೌಂಟಿಯ ಆರೋಗ್ಯಾಧಿಕಾರಿ ಮಿಸ್ ಹಾಲೆಕ್ ಬಂದಳು. ಸತ್ತ ನಾಯಿಯನ್ನು ನೋಡಲು ಹೋದರೆ ಅದು ಅವಳ ಕೈ ನೆಕ್ಕಿತು. ಅವಳಿಗೆ ಅನುಮಾನ ಇನ್ನೂ ಹೆಚ್ಚಾಯಿತು. ವಿಷಯ ಯಾರು ಹೇಳಿದ್ದು, ಅವರಿಗೆ ಯಾರು ಹೇಳಿದ್ದು ಎಂದು ಹಿಂದೆ ಹಿಂದೆ ಕೇಳಿಕೊಂಡು ಬಂದು, ಕೊನೆಗೆ ವರ್ಲಿನ್‌ನ ಮುಂದೆ ನಿಂತಳು.

"ಮಿಸ್ಟರ್ ಡ್ರೆಸ್ಲರ್, ಹಂದಿತೊಡೆ ಬಗ್ಗೆ ನಿಮಗೆ ಏನು ಗೊತ್ತು?"

"ಶನಿವಾರ ಸಂಜೆ ಹೇಳ್ತೀನಿ ಮೇಡಂ."

"ಶನಿವಾರ ಮಧ್ಯಾಹ್ನ ಹೊರಗಿನ ಅತಿಥಿಗೆ ಚರ್ಚಲ್ಲಿ ಊಟ ಇದೆ ಅಲ್ವಾ?"

"ಹೌದು."

"ಅವರು ತಿಂದಾದ ಮೇಲೆ ಹೇಳ್ತೀರಿ."

"ಹೌದು ಮೇಡಂ, ಅವರು ಊಟ ಮುಗಿಸಿ ಕೈ ಕುಲುಕಿ ಹೋಗಲಿ, ಆಮೇಲೆ ಏನು ಬೇಕಾದ್ರೂ ಆಗಲಿ," ಎಂದ ವರ್ಲಿನ್.

ಮಿಸ್ ಹಾಲೆಕ್ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಅವನ ಮೇಲಿಟ್ಟ ಕಣ್ಣು ಕೀಳದೆ ಕಾರಿನ ಬಾಗಿಲು ತಡಕಿದಳು.

ಶನಿವಾರ ಬಂತು. ಕಾಲ್ವರ್ಟ್ ಬಂದ. ಬಿಸಿಲಿಗೆ ಚೆನ್ನಾಗಿ ಬೆಂದ ಮುಖ, ಬಾಯಿ ತುಂಬ ಹಲ್ಲು. ಸೋರುವ ಆಟದ ಮನೆ ನೋಡಿ "ಗಾಳಿ ಬೆಳಕು ಚೆನ್ನಾಗಿದೆ" ಎಂದ. ಬೌಲಿಂಗ್ ಮನೆಯ ಗೋಡೆಯ ಬೋಳು ಚೌಕಗಳನ್ನು ನೋಡಿ "ಅಲಂಕಾರ ಹೊಸ ರೀತಿಯದು" ಎಂದ. ವರ್ಲಿನ್‌ಗೆ ಜೀವ ಬಂತು.

ಚರ್ಚಿನ ನೆಲಮಾಳಿಗೆಯಲ್ಲಿ ಇಡೀ ಊರೇ ಸೇರಿತ್ತು. ಉದ್ದನೆಯ ಮೇಜಿನ ಮೇಲೆ ಆಲೂಗಡ್ಡೆಯ ಭಕ್ಷ್ಯ, ಬೀನ್ಸಿನ ಭಕ್ಷ್ಯ, ನಡುಗುವ ಹಸಿರು ಜೆಲ್ಲಿ, ಕೋಳಿ. ಹಂದಿ ಎಂಬ ಪ್ರಾಣಿ ಈ ಭೂಮಿಯ ಮೇಲೆ ಹುಟ್ಟಿಯೇ ಇಲ್ಲ ಎಂಬಂತಿತ್ತು. ಹೇಲ್ ಎದ್ದು ಸ್ವಾಗತ ಹೇಳಲು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಬಾಗಿಲು ಧಡಾರೆಂದು ತೆರೆಯಿತು. ಬಿಳಿ ಅಂಗಿ ಹಾಕಿ, ತಲೆ ಬಾಚಿ, ವೊಬೊರಿಲ್ ಒಳಗೆ ಬಂದ. ಎರಡೂ ತೋಳಿನಲ್ಲಿ ಲವಂಗ ಚುಚ್ಚಿ ಜೇನು ಸವರಿದ, ಪಳಪಳ ಹೊಳೆಯುವ ಹಂದಿತೊಡೆ. ನಡೆದು ಬಂದು ಕಾಲ್ವರ್ಟ್‌ನ ತಟ್ಟೆಯ ಮುಂದೆ ಇಟ್ಟ.

ಇಡೀ ನೆಲಮಾಳಿಗೆಯಲ್ಲಿ ಕುರ್ಚಿಗಳು ಒಂದೊಂದು ಗೇಣು ಹಿಂದೆ ಸರಿದವು.

"ಓಹೋ, ಹಂದಿತೊಡೆ!" ಎಂದು ಕಾಲ್ವರ್ಟ್ ಚಾಕು ಎತ್ತಿದ.

"ಮುಟ್ಟಬೇಡಿ!" ಎಂದು ಮಿಸ್ ಹಾಲೆಕ್ ಕಿರುಚಿ ಎದ್ದಳು. "ನಾಯಿ ಸತ್ತಿದೆ! ಅಂದರೆ, ಬದುಕಿದೆ. ಆದರೂ ಮುಟ್ಟಬೇಡಿ!"

"ಮುಟ್ಟಿ ಸಾರ್!" ಎಂದು ವೊಬೊರಿಲ್ ಅಬ್ಬರಿಸಿದ. "ಮೂರು ತಲೆಮಾರಿನ ಕಸುಬು ನನ್ನದು. ಇದು ಕೆಟ್ಟದ್ದು ಅನ್ನೋ ಗಂಡಸು ಯಾವನಿದಾನೆ, ಎದ್ದು ನಿಲ್ಲಲಿ! ಏಯ್, ಬೇರೆ ಸಾಕ್ಷಿ ಯಾಕೆ? ಆ ಆರ್ಫಾನ ನೋಡಿ! ಬೌಲಿಂಗಲ್ಲಿ ಗೆದ್ದು ಗೆದ್ದು, ಮೂವತ್ತು ವರ್ಷದಿಂದ ಬಹುಮಾನ ಅಂತ ನನ್ನ ಹಂದಿತೊಡೆ ತಗೊಂಡು ಹೋಗ್ತಿದಾಳೆ! ಅದನ್ನೇ ತಿಂದು ಹೇಗೆ ಗಟ್ಟಿಗಿತ್ತಿಯಾಗಿದಾಳೆ ನೋಡಿ!"

ಕಾಲ್ವರ್ಟ್ ಚಾಕು ಕೆಳಗಿಟ್ಟ.

"ಬಹುಮಾನ?" ಎಂದ.

ಹೇಲ್‌ನ ಕೊರಳ ಚಿಟ್ಟೆ ಸೊಟ್ಟಗಾಯಿತು. ವರ್ಲಿನ್‌ನ ಬಾಮೈದ ಹಿಂದಿನ ಸಾಲಿನಿಂದ ಎದ್ದು, ಬೂಟು ಕಾರಲ್ಲೇ ಇದೆ ಎಂದು ಸನ್ನೆ ಮಾಡಿದ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ವರ್ಲಿನ್ ಎದ್ದು ನಿಂತ.

"ವಿಷ ಇಲ್ಲ ಕಣ್ರಪ್ಪಾ," ಎಂದ. "ನಾಯಿ ಜಾಸ್ತಿ ತಿಂತು ಅಷ್ಟೆ. ಬಹುಮಾನ ತಗೊಂಡವರು ಕಾಲೇಜಿಗೆ ಆಡೋ ಹಾಗಿಲ್ಲ. ಅದಕ್ಕೇ ಬಾಯಿ ಬಿಡಬೇಡಿ ಅಂದೆ. ಡ್ವೇನ್, ನಿನ್ನ ಹೊಟ್ಟೆ ಮೇಲೆ ಹೊಡೆದೆ. ಚಿಕ್ಕಮ್ಮಾ, ನಿನ್ನ ಓದು ಹಾಳು ಮಾಡಿದೆ."

ಸಾವಿನ ಬನ್ನಿನಲ್ಲಿ ಮೋಸಹೋದವನು ಮಿಸ್ ಹಾಲೆಕ್‌ನ ಕೈ ತಪ್ಪಿಸಿ ಒಂದು ದೊಡ್ಡ ತುಂಡು ಕತ್ತರಿಸಿಕೊಂಡ.

ಕಾಲ್ವರ್ಟ್ ಆರ್ಫಾಳ ಕಡೆ ತಿರುಗಿದ. "ಮೇಡಂ, ನಿಜವೇ? ಅಷ್ಟೂ ವರ್ಷ ನೀವು ಹಂದಿತೊಡೆ ಗೆದ್ದಿರಾ?"

"ಗೆದ್ದೆ."

"ತಿಂದಿರಾ?"

ಆರ್ಫಾ ಚಿಕ್ಕಮ್ಮ ವೊಬೊರಿಲ್‌ನ ಮುಖ ನೋಡಿದಳು. ತಟ್ಟೆ ನೋಡಿಕೊಂಡಳು. ಮೂವತ್ತು ವರ್ಷ ತಡೆದಿಟ್ಟ ಮಾತು, ಹೊರಗೆ ಬರಲು ಕಷ್ಟಪಟ್ಟಿತು.

"ಒಂದು ಚೂರೂ ತಿಂದಿಲ್ಲ," ಎಂದಳು. "ಉಪ್ಪು ಜಾಸ್ತಿ ಕಣೋ ಡ್ವೇನ್. ನಿನ್ನ ಮನಸ್ಸಿಗೆ ನೋವಾಗತ್ತೆ ಅಂತ ಹೇಳಿರಲಿಲ್ಲ. ಸಾವಿನ ಊಟಕ್ಕೆ ಆಗಲಿ ಅಂತ ಪ್ರತಿ ಸಲಾನೂ ಸೀದಾ ತಂದು ಈ ಚರ್ಚಿನ ಫ್ರಿಜ್ಜಲ್ಲಿ ಇಟ್ಟುಬಿಡ್ತಿದ್ದೆ."

ವೊಬೊರಿಲ್ ಕುರ್ಚಿ ಹುಡುಕಿಕೊಂಡು ಕೂತ. ವಿಷ ಎಂದಾಗಲೂ ಅವನ ಮುಖ ಅಷ್ಟು ಬಿಳಚಿಕೊಂಡಿರಲಿಲ್ಲ. "ಉಪ್ಪಾ?" ಎಂದ. ಪಕ್ಕದವನ ಕಡೆ ತಿರುಗಿ, "ಉಪ್ಪು ಜಾಸ್ತಿಯೇನೋ?" ಎಂದು ಕೇಳಿದ. ಪಕ್ಕದವನು ಛಾವಣಿ ನೋಡಿದ.

ಆದರೆ ಕಾಲ್ವರ್ಟ್ ಕುರ್ಚಿಯಿಂದ ಜಿಗಿದಿದ್ದ. "ದಾನ!" ಎಂದು ಕೂಗಿದ. "ಗೆದ್ದದ್ದನ್ನು ತಾನಿಟ್ಟುಕೊಳ್ಳದೆ ಧರ್ಮಕ್ಕೆ ಕೊಟ್ಟರೆ ಅದು ಬಹುಮಾನವೇ ಅಲ್ಲ! ನಮ್ಮ ಕೂಟದ ನಿಯಮ! ಇದ್ದೇ ಇದೆ! ಇಲ್ಲದಿದ್ದರೂ ಇವತ್ತು ಸಂಜೆಯೊಳಗೆ ಇರುತ್ತೆ! ಈಕೆಯಂಥ ಹವ್ಯಾಸಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಡ್ರೆಸ್ಲರ್, ಕೈ ಕೊಡಿ! ನೀವು ಇವತ್ತಿನಿಂದ ಗ್ರೇಟ್ ಹೊರೈಜನ್ ಕೂಟದವರು!"

ನೆಲಮಾಳಿಗೆ ಅದುರಿಹೋಯಿತು. ಮುದುಕರು ಮೇಜು ಬಡಿದರು, ಹಸಿರು ಜೆಲ್ಲಿ ಕುಣಿಯಿತು. ಹೇಲ್ ಯಾರೂ ಕೇಳದ ಭಾಷಣ ಶುರು ಮಾಡಿದ. ಬಾಮೈದ ಮುಖ ಸಣ್ಣಗೆ ಮಾಡಿಕೊಂಡು ಕೋಳಿಯ ಕಡೆ ನಡೆದ. ವರ್ಲಿನ್‌ನ ಕಣ್ಣಲ್ಲಿ ನೀರು. ಎರಡೂ ಕೈಯಲ್ಲಿ ಕಾಲ್ವರ್ಟ್‌ನ ಕೈ ಹಿಡಿದು ಪಂಪು ಹೊಡೆದ ಹಾಗೆ ಕುಲುಕಿದ.

"ಸಾರ್, ನಿಮ್ಮ ಉಪಕಾರ ಮರೆಯಲ್ಲ. ಎಲ್ಲರೂ ನಮ್ಮನ್ನ ಓಡಿಸಿದರು. ನೀವೊಬ್ಬರೇ ಕರೆದು ಸೇರಿಸಿಕೊಂಡಿರಿ. ಯಾಕೆ ಸಾರ್?"

"ಹೋದ ವರ್ಷ ಎರಡು ಕಾಲೇಜಿನವರು ಬಿಟ್ಟುಹೋದರು," ಎಂದ ಕಾಲ್ವರ್ಟ್, ಹಲ್ಲು ಸ್ವಲ್ಪ ಮುಚ್ಚಿ. "ನೀವು ಬರದಿದ್ದರೆ ಕೂಟಾನೇ ಮುಚ್ಚಬೇಕಾಗಿತ್ತು."

"ಅವರು ಯಾಕೆ ಬಿಟ್ಟುಹೋದರು?"

"ಪ್ರಯಾಣ ಸ್ವಲ್ಪ ಹೆಚ್ಚು ಅಂತ."

ಬೇಡುವ ಭರದಲ್ಲಿ ವರ್ಲಿನ್ ಒಂದು ಮಾತು ಕೇಳಿರಲೇ ಇಲ್ಲ. ಅವನೊಬ್ಬನೇ ಅಲ್ಲ, ಪೂರ್ವದ ಕಡೆಯಿಂದ ಬಂದ ಡಾಕ್ಟರ್ ಹೇಲ್ ಕೂಡ ಕೇಳಿರಲಿಲ್ಲ. ಈಗ ಕೇಳಿದ. "ಸಾರ್, ನಮಗೆ ಎಲ್ಲರಿಗಿಂತ ಹತ್ತಿರದ ಕಾಲೇಜು ಯಾವುದು?"

"ಹತ್ತಿರದ್ದು ಅಂದ್ರೆ... ಬಸ್ಸಲ್ಲಿ ಎರಡು ಹಗಲು, ಒಂದು ರಾತ್ರಿ. ಬೆಟ್ಟ ದಾಟಿ, ಮರುಭೂಮಿ ದಾಟಿ, ಸಮುದ್ರದವರೆಗೆ."

ಚಪ್ಪಾಳೆ ಒಂದೊಂದಾಗಿ ನಿಂತಿತು.

"ಸಮುದ್ರದವರೆಗೆ," ಎಂದ ವರ್ಲಿನ್.

"ಹೂಂ. ಆಮೇಲೆ ದೋಣಿ."

ಆ ಊರಿನಲ್ಲಿ ದೋಣಿಯನ್ನು ಚಿತ್ರದಲ್ಲಿ ಮಾತ್ರ ಕಂಡವರೇ ಹೆಚ್ಚು. ಡೋರ್ಲಾಳ ದನಿ ಎಲ್ಲರಿಗೂ ಕೇಳಿಸಿತು.

"ವರ್ಲಿನ್, ನಿನಗೆ ಈಜು ಬರಲ್ಲ ಕಣೋ."

ವರ್ಲಿನ್ ಮೆಲ್ಲಗೆ ಕೈ ಬಿಡಿಸಿಕೊಳ್ಳಲು ನೋಡಿದ. ಹಳೆಯ ಕುಸ್ತಿಪಟು, ಹಿಡಿತ ಬಿಡಿಸಿಕೊಳ್ಳುವುದು ಅವನಿಗೆ ಹೊಸದಲ್ಲ. ಮಣಿಕಟ್ಟು ತಿರುಚಿದ, ಭುಜ ಬಗ್ಗಿಸಿದ, ಕಾಲು ಹಿಂದಿಟ್ಟು ಒಮ್ಮೆ ಜಗ್ಗಿಯೂ ನೋಡಿದ.

ಕಾಲ್ವರ್ಟ್ ನಗುತ್ತಲೇ ಇದ್ದ. ಕೈ ಮಾತ್ರ ಬಿಡಲಿಲ್ಲ.